ವಾರಕ್ಕೆ 20 ಗಂಟೆ: ಆಲೆಮನೆಯಲ್ಲಿ ಕೂತು ಹಾಕಿದ ಲೆಕ್ಕ

ದೃಶ್ಯ ಮಸುಕಾಗಿದೆ ಎಂದು ಮೊಬೈಲ್ ಒರೆಸಿಕೊಳ್ಳಬೇಡಿ. ಅದು ಕೊಪ್ಪರಿಗೆಯ ಹಬೆ. ಕಬ್ಬಿನ ಹಾಲು ಕುದಿಯುವಾಗ ಹತ್ತಿರ ಹೋದರೆ ಲೆನ್ಸ್ ಹೀಗೇ ಬೆವರುತ್ತದೆ.

ಇದು ಮಂಡ್ಯದ ಪಕ್ಕದ ಹಳ್ಳಿಯಲ್ಲಿರುವ ನನ್ನ ಸೋದರಮಾವನ ಆಲೆಮನೆ. ಅಮೆರಿಕದಲ್ಲಿ ಎಂ.ಎಸ್. ಓದುತ್ತಿರುವ ನಾನು ಚಳಿಗಾಲದ ರಜೆಗೆ ಮೈಸೂರಿಗೆ ಬಂದಿದ್ದೇನೆ. ಬೆಳಗಿನ ರೈಲು ಹಿಡಿದು, ಶ್ರೀರಂಗಪಟ್ಟಣದಲ್ಲಿ ಕಾವೇರಿ ದಾಟಿ ಇಲ್ಲಿಗೆ ಬಂದದ್ದು ಬೆಲ್ಲದ ವಿಡಿಯೊ ಮಾಡಲು. ಆದರೆ ಮಾವ ಬೇರೊಂದು ಲೆಕ್ಕ ಹಿಡಿದು ನನಗಾಗಿಯೇ ಕಾಯುತ್ತಿದ್ದರು.

ಮಾವನ ಮಗ, ಅಂದರೆ ನನ್ನ ಬಾವ, ಮುಂದಿನ ಆಗಸ್ಟ್‌ನಲ್ಲಿ ಓದಲು ಅಮೆರಿಕಕ್ಕೆ ಹೊರಟಿದ್ದಾರೆ. ಮೈಸೂರಿನಲ್ಲಿ ಒಳ್ಳೆಯ ಕೆಲಸದಲ್ಲಿರುವ ಅಕ್ಕ, ಬಾವನ ಹೆಂಡತಿ, ಅದನ್ನು ಬಿಟ್ಟು ಜೊತೆಗೆ ಹೋಗುವುದೆಂದು ಮಾತಾಗಿದೆ. ಕಬ್ಬಿನ ತೂಕ ಬರೆಯುವ ಪುಸ್ತಕದ ಕೊನೆಯ ಹಾಳೆಯನ್ನು ಮಾವ ನನ್ನ ಮುಂದೆ ಹಿಡಿದರು. ಎಡಗಡೆ ಶುಲ್ಕ, ಬ್ಯಾಂಕ್ ಸಾಲದ ಕಂತು. ಬಲಗಡೆ ಒಂದೇ ಸಾಲು: ಇಬ್ಬರೂ ಸೇರಿ ವಾರಕ್ಕೆ 40 ಗಂಟೆ.

"ಕಾಲೇಜಿನ ಒಳಗೇ ಕೆಲಸ ಕೊಡುತ್ತಾರಂತಲ್ಲ, ಒಬ್ಬರಿಗೆ 20 ಗಂಟೆ. ಸರಿಯಾಗಿದೆಯೇ ನೋಡಮ್ಮ."

ಅರ್ಧ ಸರಿಯಾಗಿತ್ತು. ಅದೇ ತೊಂದರೆ.

ಬಾವನಿಗೆ ಸಿಗುವುದು ಎಫ್-1, ಅಂದರೆ ವಿದ್ಯಾರ್ಥಿ ವೀಸಾ. ತರಗತಿ ನಡೆಯುವ ದಿನಗಳಲ್ಲಿ ಕ್ಯಾಂಪಸ್ ಒಳಗೆ ವಾರಕ್ಕೆ 20 ಗಂಟೆಯವರೆಗೆ ಕೆಲಸ ಮಾಡಬಹುದು, ರಜೆಯಲ್ಲಿ ಪೂರ್ಣಾವಧಿಯೂ ಮಾಡಬಹುದು. ಇದಕ್ಕೆ ವಲಸೆ ಇಲಾಖೆಯಿಂದ ಪ್ರತ್ಯೇಕ ಪರವಾನಗಿ ಬೇಡ. ಆದರೆ "ಬಹುದು" ಎನ್ನುವುದು ಬೇರೆ, "ಕೊಡುತ್ತಾರೆ" ಎನ್ನುವುದು ಬೇರೆ. ಕೆಲಸವನ್ನು ನಾವೇ ಹುಡುಕಿಕೊಳ್ಳಬೇಕು. ನನಗೆ ಸಿಗಲು ಎರಡು ತಿಂಗಳು ಹಿಡಿಯಿತು. ಸಂಬಳಕ್ಕೆ ಬೇಕಾದ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಯೂ ಮೊದಲೇ ಕೈಗೆ ಬರುವುದಿಲ್ಲ. ಕೆಲಸ ಕೊಟ್ಟವರ ಪತ್ರ, ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿ ಸಲಹೆಗಾರರ ಪತ್ರ, ಎರಡನ್ನೂ ಹಿಡಿದುಕೊಂಡು ಹೋಗಿ ಅರ್ಜಿ ಹಾಕಬೇಕು.

ನನಗೆ ಗ್ರಂಥಾಲಯದಲ್ಲಿ ಕೆಲಸ ಸಿಕ್ಕಿತೆಂದು ಅಮ್ಮನಿಗೆ ಹೇಳಿದ್ದೆ. ಅಮ್ಮ, ನೀವು ಈ ವಿಡಿಯೊ ನೋಡುತ್ತಿದ್ದರೆ ಕೇಳಿಸಿಕೊಳ್ಳಿ: ಗ್ರಂಥಾಲಯ 12 ಗಂಟೆ ಮಾತ್ರ. ಉಳಿದ 8 ಗಂಟೆ ಹಾಸ್ಟೆಲ್ ಊಟದ ಮನೆಯಲ್ಲಿ ತಟ್ಟೆ ತೊಳೆಯುತ್ತಿದ್ದೆ. ಮನೆಯಲ್ಲಿ ಲೋಟ ಎತ್ತಿಡದವಳು ಅಲ್ಲಿ ಯಂತ್ರದ ಬಾಯಿಗೆ ನೂರಾರು ತಟ್ಟೆ ಜೋಡಿಸಿದ್ದೇನೆ.

ಒಂದು ಶುಕ್ರವಾರ ಅಡುಗೆಮನೆಯ ಮೇಲ್ವಿಚಾರಕರು, ನಾಳೆ ಇನ್ನೂ ನಾಲ್ಕು ಗಂಟೆ ಬರುತ್ತೀಯಾ ಎಂದು ಕೇಳಿದರು. 20 ಗಂಟೆಯ ಮಿತಿ ಒಂದೊಂದು ಕೆಲಸಕ್ಕೆ ಬೇರೆ ಬೇರೆ ಎಂದುಕೊಂಡಿದ್ದ ನಾನು ಖುಷಿಯಿಂದ ಒಪ್ಪಿಬಿಟ್ಟೆ. ರಾತ್ರಿ ಮಾತಿನ ನಡುವೆ ಕೋಣೆಯ ಗೆಳತಿ ಎಚ್ಚರಿಸದಿದ್ದರೆ ಹೋಗಿಯೂ ಬಿಡುತ್ತಿದ್ದೆ. ಎಷ್ಟು ಕೆಲಸಗಳಿದ್ದರೂ ಎಲ್ಲ ಸೇರಿ 20. ಬೆಳಗ್ಗೆ ಎದ್ದವಳೇ ಫೋನ್ ಮಾಡಿ ಬರಲಾಗುವುದಿಲ್ಲ ಎಂದೆ. ಅವರಿಗೆ ಸಿಟ್ಟು ಬಂತು. ಬಂದರೆ ಬರಲಿ, ವೀಸಾ ಅವರದಲ್ಲವಲ್ಲ.

ಇನ್ನು ಹಣ. ಅಲ್ಲಿನ ಕೇಂದ್ರ ಸರ್ಕಾರದ ಕನಿಷ್ಠ ವೇತನ ಗಂಟೆಗೆ 7.25 ಡಾಲರ್, 2009ರಿಂದ ಅಷ್ಟೇ ನಿಂತಿದೆ. ಹಲವು ರಾಜ್ಯಗಳಲ್ಲಿ ಹೆಚ್ಚಿದೆ. 12 ಡಾಲರ್ ಎಂದು ಹಿಡಿದರೂ ವಾರಕ್ಕೆ 240. ಮಾವ ತಕ್ಷಣ ಅದನ್ನು ರೂಪಾಯಿಗೆ ಗುಣಿಸಿದರು, ಮುಖ ಅರಳಿತು. "ಮನೆ ಬಾಡಿಗೆಯನ್ನೂ ಹಾಗೆಯೇ ಗುಣಿಸಿ ಮಾವ" ಎಂದೆ. ಪೆನ್ನು ಕೆಳಗಿಟ್ಟರು. ನನ್ನ ದುಡಿಮೆ ದಿನಸಿಗೆ, ಮೊಬೈಲ್ ಬಿಲ್ಲಿಗೆ, ಬಾಡಿಗೆಯ ಒಂದು ಭಾಗಕ್ಕೆ ಸಾಲುತ್ತದೆ. ಸಾಲದ ಕಂತಿನ ಹತ್ತಿರಕ್ಕೂ ಅದು ಸುಳಿಯುವುದಿಲ್ಲ. ವಿಶ್ವವಿದ್ಯಾಲಯ ವೀಸಾ ಅರ್ಜಿಗೆ ಬೇಕಾದ ಐ-20 ಪತ್ರ ಕೊಡುವ ಮೊದಲೇ ಒಂದು ವರ್ಷದ ಖರ್ಚಿಗೆ ಹಣ ತೋರಿಸಿ ಎನ್ನುವುದು ಸುಮ್ಮನೆ ಅಲ್ಲ. ಹೆಂಡತಿಯೂ ಬರುವುದಾದರೆ ಅವರ ಖರ್ಚಿಗೂ ತೋರಿಸಬೇಕು.

ಒಂದು ಸಣ್ಣ ಲಾಭದ ಮಾತು. ಎಫ್-1 ವಿದ್ಯಾರ್ಥಿಗಳಿಗೆ ಸಾಮಾನ್ಯವಾಗಿ ಮೊದಲ ಐದು ಕ್ಯಾಲೆಂಡರ್ ವರ್ಷ ಸೋಷಿಯಲ್ ಸೆಕ್ಯುರಿಟಿ (ಪಿಂಚಣಿ) ಮತ್ತು ಮೆಡಿಕೇರ್ (ಹಿರಿಯರ ಆರೋಗ್ಯ ವಿಮೆ) ತೆರಿಗೆ ಇಲ್ಲ. ಎರಡೂ ಸೇರಿ ಸಂಬಳದ ಶೇ 7.65. ನನ್ನ ಮೊದಲ ಸಂಬಳದಲ್ಲಿ ಅದನ್ನು ತಪ್ಪಾಗಿ ಮುರಿದುಕೊಂಡಿದ್ದರು, ಕೇಳಿದ ಮೇಲೆ ಹಿಂದಕ್ಕೆ ಬಂತು. ಸಂಬಳದ ಚೀಟಿ ಓದುವ ಅಭ್ಯಾಸ ಇರಲಿ.

ಇಷ್ಟು ಹೊತ್ತು ಅಕ್ಕ ಕಬ್ಬಿನ ಹಾಲಿನ ಲೋಟ ಹಿಡಿದು ಸುಮ್ಮನೆ ಕೂತಿದ್ದರು. "ನನ್ನ 20 ಗಂಟೆಯ ವಿಷಯ ಹೇಳಲೇ ಇಲ್ಲವಲ್ಲ" ಎಂದರು.

ಹೇಳಲು ನಾಲಿಗೆ ಬರಲಿಲ್ಲ. ಅಕ್ಕನ ವೀಸಾ ಎಫ್-2, ವಿದ್ಯಾರ್ಥಿಯ ಸಂಗಾತಿಗೆ ಕೊಡುವಂಥದ್ದು. ಅದರಲ್ಲಿ ಸೊನ್ನೆ ಗಂಟೆ. ಕ್ಯಾಂಪಸ್ ಒಳಗೂ ಇಲ್ಲ, ಹೊರಗೂ ಇಲ್ಲ.

ಅತ್ತೆ ಬಿಡಲಿಲ್ಲ. "ಹಿಂದಿನ ಬೀದಿಯ ಮನೆಯ ಸೊಸೆ ಅಲ್ಲಿ ಕೆಲಸಕ್ಕೆ ಹೋಗುತ್ತಾಳಲ್ಲ!" ಹೋಗುತ್ತಾರೆ. ಆದರೆ ಅವರ ಗಂಡ ವಿದ್ಯಾರ್ಥಿಯಲ್ಲ, ಎಚ್-1ಬಿ ಎಂಬ ಉದ್ಯೋಗ ವೀಸಾದ ನೌಕರ. ಅಂಥವರ ಜೊತೆ ಎಚ್-4 ವೀಸಾದಲ್ಲಿ ಹೋಗುವ ಕೆಲವು ಪತಿ, ಪತ್ನಿಯರಿಗೆ 2015ರಿಂದ ಕೆಲಸದ ಪರವಾನಗಿ ಸಿಗುತ್ತಿದೆ. ವಿನಿಮಯ ಕಾರ್ಯಕ್ರಮಗಳ ಜೆ-1ರವರ ಸಂಗಾತಿಗಳೂ ಅರ್ಜಿ ಹಾಕಬಹುದು. ಊರಿನ ಕಟ್ಟೆಯಲ್ಲಿ ಎಲ್ಲವೂ "ಅಮೆರಿಕದ ವೀಸಾ" ಎಂಬ ಒಂದೇ ಮೂಟೆಗೆ ಬೀಳುತ್ತವೆ.

ಹಾಗಾದರೆ ಮನೆಯಲ್ಲೇ ಅಡುಗೆ ಮಾಡಿ ಮಾರಬಹುದಲ್ಲ, ಮಕ್ಕಳನ್ನು ನೋಡಿಕೊಳ್ಳಬಹುದಲ್ಲ ಎಂದು ಅತ್ತೆ ಮುಂದುವರಿಸಿದರು. ದುಡ್ಡು ಪಡೆದರೆ ಅದೂ ಕೆಲಸವೇ. ಬಾವ ಹೊರಗಿನ ಅಂಗಡಿಯಲ್ಲಿ ನಗದು ಕೂಲಿಗೆ ನಿಂತರೂ ಅಷ್ಟೇ. ಅನುಮತಿಯಿಲ್ಲದೆ ದುಡಿದವರ ವಿದ್ಯಾರ್ಥಿ ಸ್ಥಾನ ಹೋಗುತ್ತದೆ, ಅದನ್ನು ಮರಳಿ ಕೊಡಿ ಎಂದು ಕೇಳುವ ದಾರಿಯೂ ಮುಚ್ಚುತ್ತದೆ. ಬಾವನದು ಹೋದರೆ ಅದನ್ನೇ ನಂಬಿರುವ ಅಕ್ಕನದೂ ಹೋಯಿತು. ತಮಾಷೆಯೆಂದರೆ, ಒಂದು ಡಾಲರ್ ದುಡಿಯದಿದ್ದರೂ ಅಕ್ಕ ವರ್ಷಕ್ಕೊಮ್ಮೆ ತೆರಿಗೆ ಇಲಾಖೆಗೆ 8843 ಎಂಬ ನಮೂನೆ ಕಳುಹಿಸಬೇಕು.

ಎಫ್-2ರಲ್ಲಿ ಅರೆಕಾಲಿಕವಾಗಿ ಓದಬಹುದು. ಪೂರ್ಣಾವಧಿ ಪದವಿ ಓದಬೇಕೆಂದರೆ ಎಫ್-1ಕ್ಕೆ ಬದಲಾಗಬೇಕು.

ಕೊಪ್ಪರಿಗೆಯಲ್ಲಿ ಪಾಕ ಹದಕ್ಕೆ ಬಂದಿತ್ತು. ಇಳಿಸುವ ಗದ್ದಲದಲ್ಲಿ ಎಲ್ಲರೂ ಎದ್ದರು. ಈಗ ನೀವು ನೋಡುತ್ತಿರುವ ದೃಶ್ಯ ಅದೇ; ಅಚ್ಚಿಗೆ ಬೀಳುತ್ತಿರುವ ಬೆಲ್ಲ, ಪಕ್ಕದಲ್ಲಿ ಅಕ್ಕನ ಸೆರಗು. ಬಾವ ಮೆಲ್ಲಗೆ, "ರಾಜೀನಾಮೆ ಕಳುಹಿಸಿಬಿಟ್ಟೆಯಾ?" ಎಂದು ಕೇಳಿದರು.

"ಬರೆದಿಟ್ಟಿದ್ದೇನೆ. ಕಳುಹಿಸಿಲ್ಲ" ಎಂದ ಅಕ್ಕ ನನ್ನ ಕಡೆ ತಿರುಗಿದರು. "ನನ್ನ ಹೆಸರಿಗೇ ಐ-20 ತರಿಸಿಕೊಂಡು ಹೋದರೆ ನನಗೂ 20 ಗಂಟೆ ಇರುತ್ತದಲ್ಲವೇ?"

ಇರುತ್ತದೆ ಎಂದೆ.

ಮಾವ ತೂಕದ ಪುಸ್ತಕದಲ್ಲಿ ಹೊಸ ಹಾಳೆ ತೆಗೆದರು. "ಇನ್ನೊಂದು ಶುಲ್ಕ ಎಷ್ಟಾಗುತ್ತದೆ ಹೇಳಮ್ಮ."