ಮನೆಯಲ್ಲಿ ಕಟ್ಟಿದ ಜೀಪು, ಬ್ರೇಕ್ ಇನ್‌ಸ್ಪೆಕ್ಟರ್ ಎದುರಿಗೆ

ಕೇಳುಗರಿಗೆಲ್ಲ ನಮಸ್ಕಾರ.

ಮಲೆನಾಡಿನಲ್ಲಿ ಜೀಪು ಇಲ್ಲದ ಊರು ಸಿಗುವುದು ಕಷ್ಟ. ತೀರ್ಥಹಳ್ಳಿ, ಹೊಸನಗರ, ಸಾಗರ, ಕೊಪ್ಪ, ಯಾವ ಕಡೆ ಹೋದರೂ ತೋಟದ ಮನೆಯ ಕೊಟ್ಟಿಗೆ ಪಕ್ಕ ಒಂದು ಜೀಪು ನಿಂತಿರುತ್ತದೆ. ಅಡಿಕೆ ಮೂಟೆ, ಗೊಬ್ಬರದ ಚೀಲ, ಶಾಲೆಗೆ ಹೊರಟ ಮಕ್ಕಳು, ಮಳೆಗಾಲದಲ್ಲಿ ಆಸ್ಪತ್ರೆಗೆ ಹೋಗಬೇಕಾದವರು, ಎಲ್ಲಕ್ಕೂ ಅದೇ. ಕೊಡಚಾದ್ರಿ ಹತ್ತುವುದಕ್ಕೂ ಅದೇ. ಇವುಗಳಲ್ಲಿ ಎಷ್ಟೋ ಜೀಪುಗಳು ಶೋರೂಮಿನಿಂದ ಹಾಗೇ ಬಂದವಲ್ಲ. ಮಿಲಿಟರಿ ಹರಾಜಿನಲ್ಲೋ ಗುಜರಿಯಲ್ಲೋ ಸಿಕ್ಕ ಹಳೇ ಜೀಪು, ಅದಕ್ಕೆ ಹೊಸ ಬಾಡಿ, ಹೊಸ ವೈರಿಂಗ್, ಬಿಚ್ಚಿ ಕಟ್ಟಿದ ಇಂಜಿನ್. ಅಂಗಳದಲ್ಲಿ ಟಾರ್ಪಾಲ್ ಕಟ್ಟಿಕೊಂಡು, ರಜೆ ಇದ್ದಾಗಲೆಲ್ಲ ಕೂತು ಕಟ್ಟಿದ ಗಾಡಿಗಳು. ಅಂಥ ಜೀಪನ್ನು ಆರ್‌ಟಿಒ ಕಚೇರಿಯಲ್ಲಿ ಪಾಸು ಮಾಡಿಸುವುದು ಹೇಗೆ ಅನ್ನೋದು ಇವತ್ತಿನ ಮಾತು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಜೀಪು ಕಟ್ಟುವ ಕೆಲಸ ಪೇಂಟ್ ಹೊಡೆದ ದಿನ ಮುಗಿಯುವುದಿಲ್ಲ. ಇನ್‌ಸ್ಪೆಕ್ಷನ್ ಕೂಡ ಅದೇ ಕೆಲಸದ ಒಂದು ಭಾಗ. ಅದನ್ನು ಕಟ್ಟಿದವರೇ ಮಾಡಿ ಮುಗಿಸಬೇಕು. ಏಜೆಂಟರ ಕೈಗೆ ಫೈಲು ಕೊಟ್ಟು ಮನೆಯಲ್ಲಿ ಕೂರುವುದು ನನಗೆ ಸರಿ ಕಾಣುವುದಿಲ್ಲ.

ಇಂಗ್ಲೆಂಡಿನಲ್ಲಿ ಕಿಟ್ ಕಾರ್ ಅಂತ ಒಂದು ಪದ್ಧತಿ ಇದೆ. ಕಾರಿನ ಚಾಸಿ (ಅಡಿಯ ಚೌಕಟ್ಟು), ಬಾಡಿ, ಬಿಡಿಭಾಗಗಳನ್ನು ತರಿಸಿಕೊಂಡು ಮನೆಯ ಶೆಡ್ಡಿನಲ್ಲೇ ಜೋಡಿಸುತ್ತಾರೆ. ರಸ್ತೆಗೆ ಇಳಿಸುವ ಮೊದಲು ಆ ಒಂದೇ ಕಾರಿಗೆ ಅಂತ ಸರ್ಕಾರದ ಪರೀಕ್ಷೆ ಇರುತ್ತದೆ. 2009ರಿಂದ ಅದಕ್ಕೆ ಐವಿಎ ಅಂತ ಹೆಸರು. ಅಲ್ಲಿ ಎಷ್ಟು ಸೂಕ್ಷ್ಮವಾಗಿ ನೋಡುತ್ತಾರೆ ಅಂದರೆ, 100 ಮಿಲಿಮೀಟರ್ ಅಗಲದ ಒಂದು ಗೋಲವನ್ನು ಕಾರಿನ ಹೊರಮೈಗೆ ತಾಗಿಸಿ ನೋಡುತ್ತಾರೆ. ಅದು ತಾಗುವ ಕಡೆ ಚೂಪಾದ ಅಂಚು ಇರಬಾರದು. ಅಂಚು ಕನಿಷ್ಠ 2.5 ಮಿಲಿಮೀಟರ್ ದುಂಡಗಿರಬೇಕು. ದಾರಿಯಲ್ಲಿ ಹೋಗುವವರಿಗೆ ಕಾರು ತಗುಲಿದರೂ ಮೈ ಸೀಳಬಾರದು ಅನ್ನೋ ಕಾಳಜಿ ಅದು. ನಮ್ಮ ಜೀಪುಗಳ ಬಂಪರ್ ತುದಿ, ಹುಕ್ಕು, ಹಿಂಬಾಗಿಲ ಚಿಲಕ ನೋಡಿದಾಗೆಲ್ಲ ನನಗೆ ಆ ಗೋಲದ ನೆನಪಾಗುತ್ತದೆ. ಕಾನೂನು ಕೇಳದಿದ್ದರೂ ಒಂದು ಅರ ಹಿಡಿದು ಆ ಅಂಚುಗಳನ್ನು ಉಜ್ಜಿಬಿಡಬಹುದು, ಅಲ್ವಾ?

ನಮ್ಮ ದೇಶದಲ್ಲಿ ಆ ಥರ ಒಂದೇ ಕಾರಿಗೆ ಸುಲಭದ ದಾರಿ ಇಲ್ಲ. ಹೊಸ ಗಾಡಿ ನೋಂದಣಿಗೆ ತಯಾರಕರು ಕೊಡುವ ಫಾರಂ 22 ಬೇಕು. ಆ ಮಾಡೆಲ್ಲಿಗೆ ಪುಣೆಯ ಎಆರ್‌ಎಐ ಥರದ ಪರೀಕ್ಷಾ ಸಂಸ್ಥೆಯ ಒಪ್ಪಿಗೆ ಇರಬೇಕು. ಸೊನ್ನೆಯಿಂದ ಕಟ್ಟಿದ ಗಾಡಿಗೆ ಇವೆಲ್ಲ ಎಲ್ಲಿಂದ ತರುವುದು? ಆದ್ದರಿಂದ ಇಲ್ಲಿ ಮನೆಯಲ್ಲಿ ಕಟ್ಟುವುದು ಅಂದರೆ, ಆರ್‌ಸಿ ಇರುವ ಹಳೇ ಗಾಡಿಯನ್ನು ಅದರದೇ ಚಾಸಿಯ ಮೇಲೆ ಮತ್ತೆ ಕಟ್ಟುವುದು. ಈ ಮಾತನ್ನು ದಯವಿಟ್ಟು ಗಟ್ಟಿಯಾಗಿ ಹಿಡಿದುಕೊಳ್ಳಿ. ಗಾಡಿಯ ಗುರುತು ಇರುವುದು ಚಾಸಿಯಲ್ಲಿ. ಬಾಡಿ ಎಷ್ಟೇ ಚಂದ ಇರಲಿ, ಚಾಸಿ ನಂಬರು ಆರ್‌ಸಿಗೆ ಹೊಂದದಿದ್ದರೆ ಅದು ರಸ್ತೆಯ ಗಾಡಿಯೇ ಅಲ್ಲ.

ಹರಿಯಾಣದ ಡಬವಾಲಿಯಲ್ಲಿ ಜೀಪಿಗೆ ಹೊಸ ಬಾಡಿ ಕಟ್ಟಿ ಮಾರುವ ದೊಡ್ಡ ಕಸುಬೇ ಇದೆ. ನೋಡಲು ತುಂಬಾ ಚಂದ. ನಮ್ಮ ಹುಡುಗರು ಫೋಟೊ ನೋಡಿ ಆಸೆಪಡುವುದು ಸಹಜ. ಆದರೆ ಬೇರೆ ರಾಜ್ಯದಿಂದ ಎಲ್ಲಿಂದ ತಂದರೂ ಕಾಗದ ಮೊದಲು, ದುಡ್ಡು ಆಮೇಲೆ. ಆ ರಾಜ್ಯದ ಎನ್‌ಒಸಿ, ಅಂದರೆ ನಿರಾಕ್ಷೇಪಣಾ ಪತ್ರ ಬೇಕು. ಹನ್ನೆರಡು ತಿಂಗಳಿಗಿಂತ ಜಾಸ್ತಿ ಇಲ್ಲಿ ಇಟ್ಟುಕೊಳ್ಳುವುದಾದರೆ ನಮ್ಮ ರಾಜ್ಯದ ನಂಬರು ಪಡೆಯಬೇಕು. ಆರ್‌ಸಿಯಲ್ಲಿ ಬರೆದ ಇಂಜಿನ್, ಬಣ್ಣ, ಸೀಟಿನ ಲೆಕ್ಕ ಎಲ್ಲವನ್ನೂ ಗಾಡಿಯ ಪಕ್ಕ ನಿಂತು ಒಂದೊಂದಾಗಿ ತಾಳೆ ನೋಡಿ.

ಇಂಜಿನ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಹಳೇ ಪೆಟ್ರೋಲ್ ಜೀಪಿಗೆ ಡೀಸೆಲ್ ಇಂಜಿನ್ ಕೂರಿಸುವುದು ನಮ್ಮ ಕಡೆ ಮಾಮೂಲು. ಪ್ಯೂಜೋ ಇಂಜಿನ್ ಹಾಕಿದೆ, ಡಿಐ ಹಾಕಿದೆ ಅಂತ ಹೆಮ್ಮೆಯಿಂದ ಹೇಳುತ್ತಾರೆ. ಆದರೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಕೊಟ್ಟ ವಿವರಕ್ಕೆ ಹೊಂದದ ಬದಲಾವಣೆ ಮಾಡುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ಕಾನೂನು ಒಪ್ಪುವ ಬದಲಾವಣೆಯನ್ನೂ 14 ದಿನದೊಳಗೆ ಆರ್‌ಟಿಒಗೆ ತಿಳಿಸಿ ಆರ್‌ಸಿಯಲ್ಲಿ ಬರೆಸಬೇಕು. ಹಾಗಾಗಿ ಇಂಜಿನ್ ಬಿಚ್ಚುವ ಮೊದಲೇ ಕಚೇರಿಗೆ ಹೋಗಿ ಕೇಳಿ. ಕೂರಿಸಿದ ಮೇಲೆ ಕೇಳಿದರೆ ಸಿಗುವ ಉತ್ತರ ನಿಮಗೆ ಹಿಡಿಸಲಿಕ್ಕಿಲ್ಲ.

ಇನ್ನು ಚಾಸಿ ನಂಬರು. ನಮ್ಮ ಮಳೆಗೆ ಕಬ್ಬಿಣ ತಡೆಯುವುದಿಲ್ಲ. ತುಕ್ಕು ಹಿಡಿದು ನಂಬರು ಅರ್ಧ ಮುಚ್ಚಿರುತ್ತದೆ. ಅದರ ಮೇಲೆ ಯಾರೋ ಹಿಂದೆ ಟಾರು ಬಳಿದಿರುತ್ತಾರೆ. ಇಲ್ಲಿ ಗ್ರೈಂಡರ್ ಹಿಡಿಯಬೇಡಿ. ನಂಬರಿನ ಸುತ್ತ ಗ್ರೈಂಡರ್ ಗೀರು ಕಂಡರೆ ಯಾವ ಅಧಿಕಾರಿಗಾದರೂ ಅನುಮಾನ ಬರುತ್ತದೆ, ಬರಬೇಕು ಕೂಡ. ಸೀಮೆಎಣ್ಣೆಯೋ ಡೀಸೆಲ್ಲೋ ಹಾಕಿ ನೆನೆಯಲು ಬಿಟ್ಟು, ಬ್ರಷ್‌ನಲ್ಲಿ ನಿಧಾನ ಉಜ್ಜಿ. ಆಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಪ್ರಿಂಟ್ ತೆಗೆದು ನೋಡಿ. ಪ್ರತಿ ಅಕ್ಷರ ಮೂಡಿದರೆ ಸರಿ. ಮೂಡದೇ ಹೋದರೆ ನೀವೇ ಪಂಚ್ ಹೊಡೆಯಬಾರದು. ಅದಕ್ಕೆ ಆರ್‌ಟಿಒ ಅನುಮತಿ ಬೇಕು.

ಈಗ ಬ್ರೇಕಿಗೆ ಬರೋಣ. ಆಗುಂಬೆ ಘಾಟಿಯಲ್ಲಿ 14 ಹಿಮ್ಮುರಿ ತಿರುವುಗಳಿವೆ. ಹುಲಿಕಲ್ ಇಳಿಜಾರು ಹೇಗಿದೆ ಅಂತ ನಿಮಗೇ ಗೊತ್ತು. ನಮ್ಮ ಊರಲ್ಲಿ ಬ್ರೇಕು ಅನ್ನೋದು ಕಾಗದದ ವಿಷಯವಲ್ಲ.

ಹಳೇ ಜೀಪುಗಳಲ್ಲಿ ಬ್ರೇಕ್ ಆಯಿಲ್ ಲೈನು ಒಂದೇ. ನಾಲ್ಕು ಚಕ್ರದಲ್ಲಿ ಎಲ್ಲೇ ಒಂದು ಕಡೆ ಪೈಪು ತೂತಾದರೂ ಪೆಡಲ್ ನೆಲಕ್ಕೆ ಹೋಗುತ್ತದೆ. ಆದ್ದರಿಂದ ಪೈಪನ್ನು ಮೊದಲಿಂದ ಕೊನೆಯವರೆಗೆ ಕೈಯಲ್ಲಿ ಸವರಿ ನೋಡಿ. ಕ್ಲಿಪ್ ಹಾಕಿ ಚಾಸಿಗೆ ಬಿಗಿದ ಕಡೆಯೇ ಕೆಸರು ಕೂತು ತುಕ್ಕು ಹಿಡಿಯುವುದು. ಅನುಮಾನ ಬಂದರೆ ಹೊಸ ಪೈಪು ಹಾಕಿ, ತೇಪೆ ಬೇಡ.

ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವವನ್ನು ಹೀರುತ್ತದೆ. ಡಾಟ್ 3 ದರ್ಜೆಯ ಆಯಿಲ್ ಹೊಸದಿದ್ದಾಗ ಕುದಿಯಲು ಕನಿಷ್ಠ 205 ಡಿಗ್ರಿ ಬಿಸಿ ಬೇಕು. ತೇವ ಸೇರಿದ ಮೇಲೆ 140 ಡಿಗ್ರಿಗೇ ಕುದಿಯಬಹುದು. ಘಾಟಿ ಇಳಿಯುವಾಗ ಡ್ರಮ್ ಕಾದು ಆಯಿಲ್ ಕುದ್ದರೆ ಲೈನಿನಲ್ಲಿ ಆವಿ ತುಂಬಿ ಪೆಡಲ್ ಸ್ಪಂಜಿನ ಹಾಗಾಗುತ್ತದೆ. ವರ್ಷದಲ್ಲಿ ಅರ್ಧ ಭಾಗ ತೇವದಲ್ಲೇ ಇರುವ ನಮಗೆ ಇದು ಬೇರೆಯವರಿಗಿಂತ ಜಾಸ್ತಿ ಅನ್ವಯಿಸುತ್ತದೆ. ಎರಡು ವರ್ಷಕ್ಕೊಮ್ಮೆ ಆಯಿಲ್ ಪೂರ್ತಿ ಬದಲಿಸಿ. ಲೈನಿನ ಏರ್ ತೆಗೆಯುವಾಗ ಮಾಸ್ಟರ್ ಸಿಲಿಂಡರ್‌ಗೆ, ಅಂದರೆ ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಭಾಗಕ್ಕೆ, ಅತಿ ದೂರದ ಚಕ್ರದಿಂದ ಶುರು ಮಾಡಿ. ಆಮೇಲೆ ಪೆಡಲ್ ಗಟ್ಟಿಯಾಗಿ ಒತ್ತಿ ಒಂದು ನಿಮಿಷ ಹಾಗೇ ಹಿಡಿಯಿರಿ. ಅದು ಮೆಲ್ಲಗೆ ಕೆಳಗಿಳಿದರೆ, ಹೊರಗೆ ಎಲ್ಲೂ ಸೋರಿಕೆ ಕಾಣದಿದ್ದರೆ, ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಹೋಗಿದೆ ಅಂತ ಅರ್ಥ.

ಖಾಲಿ ಮೈದಾನದಲ್ಲಿ 30ರ ವೇಗದಲ್ಲಿ ಹೋಗಿ ಬ್ರೇಕ್ ಹಾಕಿ. ಗಾಡಿ ಒಂದು ಕಡೆ ಎಳೆದರೆ ಇನ್ನೊಂದು ಕಡೆಯ ಡ್ರಮ್ ಬಿಚ್ಚಿ ನೋಡಿ. ಹೆಚ್ಚಿನ ಸಲ ಆ್ಯಕ್ಸಲ್ ಸೀಲ್ ಸೋರಿ ಲೈನಿಂಗ್ ಮೇಲೆ ಆಯಿಲ್ ಬಿದ್ದಿರುತ್ತದೆ. ಲೈನಿಂಗ್ ಒಂದನ್ನೇ ಬದಲಿಸಿ ಸೀಲ್ ಹಾಗೇ ಬಿಟ್ಟರೆ ಮತ್ತೆ ಅದೇ ಕಥೆ.

ಹ್ಯಾಂಡ್ ಬ್ರೇಕ್ ಬಗ್ಗೆ ಪ್ರತ್ಯೇಕ ಹೇಳಬೇಕು. ಪಾಸು ಮಾಡಿಸಲು ಹೋದ ಜೀಪು ಸಿಕ್ಕಿಬೀಳುವುದು ಇಲ್ಲೇ ಜಾಸ್ತಿ. ಹಳೇ ಮಾಡೆಲ್‌ಗಳಲ್ಲಿ ಇದು ಚಕ್ರದಲ್ಲಿರುವುದಿಲ್ಲ. ಇಂಜಿನ್ ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿನ ಹಿಂದೆ, ಪ್ರೊಪೆಲ್ಲರ್ ಶಾಫ್ಟ್ ಶುರುವಾಗುವ ಕಡೆ ಒಂದು ಸಣ್ಣ ಡ್ರಮ್ ಇರುತ್ತದೆ. ಅಲ್ಲಿನ ಆಯಿಲ್ ಸೀಲ್ ಸೋರಿದರೆ ಎಣ್ಣೆ ನೇರ ಆ ಲೈನಿಂಗಿಗೇ ಬರುತ್ತದೆ. ಎಷ್ಟು ಬಿಗಿ ಮಾಡಿದರೂ ಹಿಡಿಯುವುದಿಲ್ಲ. ನಮ್ಮ ಊರ ಪಕ್ಕದ ಒಬ್ಬ ತೋಟದ ಯಜಮಾನರ ಜೀಪು ಇದೇ ಕಾರಣಕ್ಕೆ ವಾಪಸ್ ಬಂತು. ಅವರು ಕೇಬಲ್ ಬದಲಿಸಿದ್ದರು, ಲೈನಿಂಗ್ ಬದಲಿಸಿದ್ದರು. ಕೊನೆಗೆ ಸೀಲ್ ಬದಲಿಸಿದ ಮೇಲೆ ತುಂಬಿದ ಗಾಡಿಯೂ ಏರಿನಲ್ಲಿ ಅಲುಗದೆ ನಿಂತಿತು. ಇನ್ನೊಂದು ಎಚ್ಚರಿಕೆ. ಈ ಥರದ ಹ್ಯಾಂಡ್ ಬ್ರೇಕ್ ಇರುವ ಜೀಪಿನ ಒಂದು ಹಿಂಬದಿ ಚಕ್ರವನ್ನು ಜಾಕ್ ಹಾಕಿ ಎತ್ತಿದರೆ, ಡಿಫರೆನ್ಷಿಯಲ್ ಮೂಲಕ ಎತ್ತಿದ ಚಕ್ರ ತಿರುಗಿ ಗಾಡಿ ಉರುಳಬಹುದು. ಕೆಳಗಿರುವ ಚಕ್ರಗಳಿಗೆ ಕಲ್ಲು ಕೊಡದೆ ಅಡಿಗೆ ಹೋಗಲೇಬೇಡಿ.

ಸ್ಟೀರಿಂಗ್ ನೋಡಲು ಇಬ್ಬರು ಬೇಕು. ಒಬ್ಬರು ಸ್ಟೀರಿಂಗನ್ನು ಸ್ವಲ್ಪ ಸ್ವಲ್ಪವೇ ಅತ್ತಿತ್ತ ತಿರುಗಿಸಲಿ, ಇನ್ನೊಬ್ಬರು ಕೆಳಗೆ ಮಲಗಿ ನೋಡಲಿ. ಯಾವ ಜಾಯಿಂಟಿನಲ್ಲಿ ರಾಡ್ ಅಲುಗಿದರೂ ಚಕ್ರ ಅಲುಗುತ್ತಿಲ್ಲವೋ ಅಲ್ಲೇ ಪ್ಲೇ, ಅಂದರೆ ಸಡಿಲ ಇದೆ. ಮುಂದಿನ ಚಕ್ರ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಅಲುಗಿದರೆ ಒಬ್ಬರಿಗೆ ಬ್ರೇಕ್ ಒತ್ತಲು ಹೇಳಿ. ಬ್ರೇಕ್ ಒತ್ತಿದಾಗ ಅಲುಗಾಟ ನಿಂತರೆ ವೀಲ್ ಬೇರಿಂಗ್. ನಿಲ್ಲದಿದ್ದರೆ ಕಿಂಗ್ ಪಿನ್, ಅಂದರೆ ಮುಂದಿನ ಚಕ್ರ ಅತ್ತಿತ್ತ ತಿರುಗುವ ಕೀಲು. ಸ್ಪ್ರಿಂಗ್ ಶ್ಯಾಕಲ್‌ನ ಬುಷ್ ಕೂಡ ನೋಡಿ. ಶಿವಮೊಗ್ಗದ ಗ್ಯಾರೇಜುಗಳಲ್ಲಿ ಜೀಪಿನ ಕೆಲಸ ಬಲ್ಲ ಹಿರಿಯ ಮೇಸ್ತ್ರಿಗಳು ಈಗಲೂ ಇದ್ದಾರೆ. ಕಿಂಗ್ ಪಿನ್ನಿಗೆ ಶಿಮ್ (ತೆಳು ತಗಡು) ಕೂರಿಸುವ ಕೆಲಸಕ್ಕೆ ಅವರ ಹತ್ತಿರವೇ ಹೋಗಿ. ಕಲಿಯಲೂ ಸಿಗುತ್ತದೆ.

ಹೊಸದಾಗಿ ಪೇಂಟ್ ಹೊಡೆದ ಜೀಪಿನಲ್ಲಿ ಲೈಟಿನ ತೊಂದರೆ ಬಂದೇ ಬರುತ್ತದೆ. ಇಂಡಿಕೇಟರ್ ಹಾಕಿದರೆ ಬ್ರೇಕ್ ಲೈಟ್ ಮಿಣುಕುತ್ತದೆ, ಬ್ರೇಕ್ ಒತ್ತಿದರೆ ಪಾರ್ಕಿಂಗ್ ಲೈಟ್ ಮಂಕಾಗುತ್ತದೆ. ಬಲ್ಬ್ ಬದಲಿಸಿ ಪ್ರಯೋಜನ ಇಲ್ಲ. ಲ್ಯಾಂಪಿನ ಬೋಲ್ಟಿನ ಅಡಿ ಪೇಂಟ್ ಇರುವುದರಿಂದ ಅರ್ತ್ ಸಿಗುತ್ತಿಲ್ಲ. ಪ್ರತಿ ಲ್ಯಾಂಪಿನಿಂದಲೂ ಬೇರೆ ಅರ್ತ್ ವೈರ್ ಎಳೆದು ಚಾಸಿಗೆ ಗಟ್ಟಿ ಮಾಡಿ. ಹೆಡ್‌ಲೈಟನ್ನು ಸಂಜೆ ಗೋಡೆಗೆ ಬಿಟ್ಟು ಸರಿಮಾಡಿ. ಡಿಮ್ ಬೆಳಕು ಲ್ಯಾಂಪಿನ ಎತ್ತರಕ್ಕಿಂತ ಸ್ವಲ್ಪ ಕೆಳಗೇ ಬೀಳಬೇಕು. ಕಿರಿದಾದ ರಸ್ತೆಯಲ್ಲಿ ಎದುರಿಗೆ ಬರುವವರ ಕಣ್ಣಿಗೆ ಹೊಡೆಯಬಾರದು.

ಉಳಿದವು ಬೇಗ ಹೇಳುತ್ತೇನೆ. ಟಯರಿನ ಅಚ್ಚು 1.6 ಮಿಲಿಮೀಟರಿಗಿಂತ ಕಡಿಮೆ ಇರಬಾರದು. ಹಾರ್ನ್ ಒಂದೇ ಸ್ವರದ್ದು ಇರಲಿ. ಗಾಜಿಗೆ ಫಿಲ್ಮ್ ಬೇಡ. ಮುಂದೆ ಕಟ್ಟುವ ದಪ್ಪ ಕ್ರ್ಯಾಶ್ ಗಾರ್ಡನ್ನು 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಬೇಡ ಅಂದಿದೆ. 2019ರ ಏಪ್ರಿಲ್ 1ಕ್ಕಿಂತ ಮೊದಲಿನ ಗಾಡಿಗಳಿಗೂ ಎಚ್‌ಎಸ್‌ಆರ್‌ಪಿ ಪ್ಲೇಟ್ ಬೇಕು. ಇನ್ಶೂರೆನ್ಸ್, ಹೊಗೆ ತಪಾಸಣೆಯ ಚೀಟಿ ಚಾಲ್ತಿಯಲ್ಲಿರಲಿ. ಡೀಸೆಲ್ ಜೀಪಿನ ಹೊಗೆ ಜಾಸ್ತಿ ಬಂದರೆ ಮೊದಲು ಏರ್ ಫಿಲ್ಟರ್ ತೊಳೆಯಿರಿ, ನಾಜಲ್ ಚೆಕ್ ಮಾಡಿಸಿ, ಪಂಪಿಗೆ ಕೈ ಹಾಕುವುದು ಆಮೇಲೆ.

ಖಾಸಗಿ ಗಾಡಿಯ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಅರ್ಜಿ ಫಾರಂ 25ರಲ್ಲಿ. ಮುಗಿಯುವ ದಿನಕ್ಕೆ 60 ದಿನ ಇರುವಾಗಿನಿಂದ ಕೊಡಬಹುದು. 2022ರ ಏಪ್ರಿಲ್‌ನಿಂದ ಇದರ ಶುಲ್ಕ 600 ರೂಪಾಯಿಂದ 5,000ಕ್ಕೆ ಏರಿತು. 20 ವರ್ಷ ದಾಟಿದ ಗಾಡಿಗಳಿಗೆ 2025ರಲ್ಲಿ 10,000 ಮಾಡಿದ್ದಾರೆ. ತಡವಾದರೆ ತಿಂಗಳಿಗೆ 500ರಂತೆ ಸೇರುತ್ತದೆ. ಹಸಿರು ತೆರಿಗೆ ಬೇರೆ. ಸಣ್ಣ ಹಿಡುವಳಿಯವರಿಗೆ ಇದು ನಿಜಕ್ಕೂ ಭಾರ. ದುಡಿಯುವ ಹಳೇ ಜೀಪನ್ನು ಚೆನ್ನಾಗಿ ಇಟ್ಟುಕೊಂಡವರಿಗೆ ಸರ್ಕಾರ ಸ್ವಲ್ಪ ರಿಯಾಯಿತಿ ತೋರಿಸಬೇಕಿತ್ತು ಅಂತ ನನಗೆ ಅನಿಸುತ್ತದೆ. 50 ವರ್ಷ ದಾಟಿದ ಗಾಡಿಗೆ ವಿಂಟೇಜ್ ನೋಂದಣಿ ಅಂತ 2021ರಲ್ಲಿ ಬಂದಿದೆ. ಆದರೆ ಅದು ಮೂಲ ರೂಪದಲ್ಲೇ ಉಳಿದ ಗಾಡಿಗೆ ಮಾತ್ರ, ದಿನನಿತ್ಯ ಓಡಿಸುವಂತಿಲ್ಲ. ಅಡಿಕೆ ಸಾಗಿಸುವ ಜೀಪಿಗೆ ಅದರಿಂದ ಉಪಯೋಗ ಇಲ್ಲ.

ತಪಾಸಣೆಯ ದಿನ ಗಾಡಿ ತೊಳೆದುಕೊಂಡು ಹೋಗಿ, ಅಡಿಭಾಗವನ್ನೂ ಸೇರಿಸಿ. ಕೆಸರು ಮೆತ್ತಿದ ಚಾಸಿಯಲ್ಲಿ ಏನೂ ಕಾಣುವುದಿಲ್ಲ. ದಾರಿಯಲ್ಲಿ ಹಳ್ಳದ ನೀರು ದಾಟಿದ್ದರೆ ಕಚೇರಿ ತಲುಪುವ ಮೊದಲು ಬ್ರೇಕನ್ನು ಮೆಲ್ಲಗೆ ಒತ್ತಿಕೊಂಡು ಸ್ವಲ್ಪ ದೂರ ಓಡಿಸಿ, ಡ್ರಮ್ ಒಣಗಲಿ. ಬ್ರೇಕ್ ಇನ್‌ಸ್ಪೆಕ್ಟರ್ ಕೇಳಿದರೆ ಏನೇನು ಬದಲಿಸಿದ್ದೀರಿ ಅಂತ ನೇರವಾಗಿ ಹೇಳಿ, ಬಿಲ್ಲುಗಳನ್ನು ತೋರಿಸಿ. ತಮ್ಮ ಕೈಯಾರೆ ಕಟ್ಟಿದವರು ಪ್ರತಿ ನಟ್ಟಿಗೂ ಉತ್ತರ ಕೊಡಬಲ್ಲರು. ಏಜೆಂಟರಿಗೆ ಅದು ಆಗುವುದಿಲ್ಲ.

ಫೇಲ್ ಆದರೆ ಕಾರಣ ಏನು ಅಂತ ಕೇಳಿ, ಅಲ್ಲೇ ಬರೆದುಕೊಳ್ಳಿ. ಬ್ರೇಕ್ ಸರಿಯಿಲ್ಲ ಅಂದರೆ ಮುಂದಿನದೋ, ಹಿಂದಿನದೋ, ಹ್ಯಾಂಡ್ ಬ್ರೇಕೋ ಅಂತ ಬಿಡಿಸಿ ಕೇಳಿ. ಅಧಿಕಾರಿಗಳು ಹೇಳುತ್ತಾರೆ, ಕೇಳುವವರು ಕಡಿಮೆ ಅಷ್ಟೆ. ಅದೇ ಚೀಟಿ ಹಿಡಿದು ಮೇಸ್ತ್ರಿಯ ಹತ್ತಿರ ಹೋಗಿ, ಸರಿಮಾಡಿಸಿ, ಮನೆ ಹತ್ತಿರದ ಏರಿನಲ್ಲಿ ಭಾರ ಹೇರಿ ನಿಲ್ಲಿಸಿ ನೋಡಿ. ಆಮೇಲೆ ಮತ್ತೆ ಗಾಡಿ ತೋರಿಸಿ.

ನಮಸ್ಕಾರ.