ಲಾಟ್ವಿಯಾದಿಂದ ಬರಿಯ ಸಂಕಟವನ್ನೇ ಕೇಳಬೇಡಿ

ನಮಸ್ಕಾರ. ಒಂದು ಕಾಲಕ್ಕೆ ಸೋವಿಯತ್ ಆಳ್ವಿಕೆಯಲ್ಲಿದ್ದ ಬಾಲ್ಟಿಕ್ ತೀರದ ದೇಶ ಲಾಟ್ವಿಯಾದ ಸಾಹಿತ್ಯದ ಮಾತು ಬಂದರೆ ಸಾಮಾನ್ಯವಾಗಿ ಕಿವಿಗೆ ಬೀಳುವುದು ಒಂದೇ ಹೆಸರು: ನೋರಾ ಇಕ್ಸ್ಟೆನಾ ಅವರ ‘ಸೋವಿಯತ್ ಮಿಲ್ಕ್’. ಮಾರ್ಗಿತಾ ಗೈಲಿಟಿಸ್ ಮಾಡಿದ ಇಂಗ್ಲಿಷ್ ಅನುವಾದವನ್ನು 2018ರಲ್ಲಿ ಪೈರೀನ್ ಎಂಬ ಪುಟ್ಟ ಪ್ರಕಾಶನ ಸಂಸ್ಥೆ ಹೊರತಂದಿತು. ವೈದ್ಯೆಯಾದ ತಾಯಿಯೊಬ್ಬಳು ತನ್ನ ಹಸುಗೂಸಿಗೆ ಎದೆಹಾಲು ಕೊಡುವುದಿಲ್ಲ. ತನ್ನೊಳಗಿನ ಕಹಿ ಮಗುವಿಗೂ ಇಳಿದೀತೆಂಬ ಭಯ ಅವಳಿಗೆ. ಮುಂದೆ ಶಾಲೆಯಲ್ಲಿ ಹಾಲು ಕಂಡರೆ ಆ ಮಗಳಿಗೆ ವಾಕರಿಕೆ. ಪರರ ಆಳ್ವಿಕೆ ಒಂದು ಮನೆಯ ಹೆಣ್ಣುಮಕ್ಕಳ ಮೈಯೊಳಗೇ ಹೊಕ್ಕ ಬಗೆಯನ್ನು ಇಷ್ಟು ನಿಷ್ಠುರವಾಗಿ ಹೇಳಿದ ಕಾದಂಬರಿಗಳು ಅಪರೂಪ.

ನನ್ನ ತಕರಾರು ಕಾದಂಬರಿಯ ಮೇಲಲ್ಲ, ಓದುವ ನಮ್ಮ ಮೇಲೆ. 20 ಲಕ್ಷಕ್ಕೂ ಕಡಿಮೆ ಜನರಿರುವ ದೇಶದ ಲೇಖಕರಿಂದ ನಾವು ಸಾಕ್ಷ್ಯವನ್ನಷ್ಟೇ ಬಯಸುತ್ತೇವೆ. ಗಡೀಪಾರು, ಗೂಢಚಾರರು, ಮುರಿದ ಬದುಕು, ಇಷ್ಟಿದ್ದರೆ ಸಾಕು. ಇದು ಅನ್ಯಾಯ.

ಕಾರ್ಲಿಸ್ ವೇರ್ದಿಂಶ್ ಅವರ ‘ಕಮ್ ಟು ಮಿ’ ಕವನ ಸಂಕಲನವನ್ನು ತೆಗೆದುಕೊಳ್ಳಿ. ಯೇವಾ ಲೆಶಿನ್ಸ್ಕಾ ಅನುವಾದಿಸಿದ್ದು, 2015ರಲ್ಲಿ ಬಂದದ್ದು. ಅದರಲ್ಲೊಂದು ಗದ್ಯಕವಿತೆಯಿದೆ. ರಾತ್ರಿ ಎರಡು ಗಂಟೆ, ಅಂಗಡಿಗಳೆಲ್ಲ ಮುಚ್ಚಿವೆ. ಮನೆಯಲ್ಲಿ ಬೇಸರದಿಂದ ಮಲಗಿರುವ ಪ್ರಿಯವ್ಯಕ್ತಿಗಾಗಿ ಒಬ್ಬ ಬಾರ್‌ನಿಂದ ಚೀಸ್ ಸ್ಯಾಂಡ್‌ವಿಚ್ ಕೊಂಡು ಟ್ಯಾಕ್ಸಿ ಹತ್ತುತ್ತಾನೆ. ಮನೆ ತಲುಪುವುದಿಲ್ಲ. ಎಲ್ಲೋ ಮೋಜಿನ ಕೂಟದಲ್ಲಿ ಸಿಕ್ಕಿಬಿದ್ದು ಕುಡಿಯುತ್ತಾನೆ, ಹಾಡುತ್ತಾನೆ. ಸುತ್ತ ಎಲ್ಲರೂ ಹಸಿದಿದ್ದರೂ ಆ ಸ್ಯಾಂಡ್‌ವಿಚ್ ಮಾತ್ರ ಯಾರಿಗೂ ಕೊಡುವುದಿಲ್ಲ. ಮೂರನೆಯ ದಿನವೋ ಏನೋ ಮನೆಗೆ ಬಂದು ಕೊಟ್ಟರೆ, ಸಿಟ್ಟಿನಲ್ಲಿರುವ ಆ ಜೀವ ಅದರತ್ತ ಸರಿಯಾಗಿ ನೋಡದೆ ತಿಂದು ಮುಗಿಸುತ್ತದೆ. ಧೈರ್ಯವಿದ್ದಿದ್ದರೆ ನಿನ್ನನ್ನು ಪ್ರೀತಿಸುತ್ತೇನೆಂದು ಹೇಳುತ್ತಿದ್ದೆ ಎನ್ನುತ್ತಾನೆ. ಇಷ್ಟೇ ಕವಿತೆ. ಓದಿ ಮುಗಿಸಿದಾಗ ನನ್ನ ಗಂಟಲು ಕಟ್ಟಿತ್ತು. ಇಲ್ಲಿ ಸೋವಿಯತ್ ಇಲ್ಲ, ಚರಿತ್ರೆಯ ಭಾರವಿಲ್ಲ. ತಪ್ಪು ಮಾಡಿಯೂ ಪ್ರೀತಿಸುವ ಒಬ್ಬ ಮನುಷ್ಯನಿದ್ದಾನೆ.

ಯಾನಿಸ್ ಯೊನ್ಯೆವ್ಸ್ ಅವರ ‘ಡೂಮ್ 94’ ಕಾದಂಬರಿ ಕೂಡ ಹಾಗೆಯೇ. ಸ್ವಾತಂತ್ರ್ಯ ಮರಳಿ ಮೂರು ವರ್ಷವಾಗಿರುವ ಯೆಲ್ಗಾವಾ ಪಟ್ಟಣದಲ್ಲಿ ಹುಡುಗರಿಗೆ ಹೆವಿ ಮೆಟಲ್ ಸಂಗೀತವೇ ಲೋಕ. ಅವರ ಎದೆ ಒಡೆಯುವುದು ಅಮೆರಿಕದ ರಾಕ್ ಗಾಯಕ ಕರ್ಟ್ ಕೊಬೇನ್ ಸತ್ತ ಸುದ್ದಿಗೆ. 2014ರಲ್ಲಿ ಐರೋಪ್ಯ ಒಕ್ಕೂಟದ ಸಾಹಿತ್ಯ ಪ್ರಶಸ್ತಿ ಪಡೆದ ಲೇಖಕರು ಇವರು. ಇಂಗ್ಲಿಷಿಗೆ ತಂದವರು ಕಾಯಾ ಸ್ಟ್ರಾವ್ಮಾನಿಸ್.

ನಮ್ಮಲ್ಲಿ ಹೆಚ್ಚಿನವರಿಗೆ ಲಾಟ್ವಿಯನ್ ಬಾರದು, ಇಂಗ್ಲಿಷೇ ದಾರಿ. ಆ ದಾರಿಯನ್ನು ಕಡಿದುಕೊಟ್ಟವರು ಬೆರಳೆಣಿಕೆಯ ಅನುವಾದಕರು ಮತ್ತು ಲಾಭದಾಸೆಯಿಲ್ಲದ ಸಣ್ಣ ಪ್ರಕಾಶಕರು. ಅವರು ಬಗೆಬಗೆಯ ಪುಸ್ತಕಗಳನ್ನು ತಂದಿಟ್ಟಿರುವಾಗ ನಾವು ಒಂದನ್ನೇ ಎತ್ತಿಕೊಂಡು ಬರಬಾರದು. ಇಕ್ಸ್ಟೆನಾ ಅವರನ್ನು ಖಂಡಿತ ಓದಿ. ಆದರೆ ಮೊದಲು ವೇರ್ದಿಂಶ್ ಅವರನ್ನು ಓದಿ.