ಬೀಗ ಎರಡು, ಕೀ ಇಬ್ಬರ ಹತ್ರ

ನಮಸ್ಕಾರ ಕೇಳುಗರೇ. ಒಡೆದು ಎರಡಾಗಿರೋ ಒಂದು ದೇಶ, ಅದರೊಳಗೆ ಬೇರೆ ದೇಶದ ಸೈನ್ಯ ಬಂದು ಕೂತಿದೆ, ಮೇಲಿಂದ ದೊಡ್ಡ ದೊಡ್ಡ ಆಯುಧ ಬೇರೆ ಬರ್ತಾ ಇದೆ, ಇಂಥ ಕಡೆ ಈ ರಾಜತಾಂತ್ರಿಕರು ಅಂತ ಸೂಟು ಹಾಕ್ಕೊಂಡು ಫೈಲ್ ಹಿಡ್ಕೊಂಡು ಓಡಾಡ್ತಾರಲ್ಲ, ಅವರು ನಿಜವಾಗ್ಲೂ ಏನು ಮಾಡ್ತಾರೆ ಅಂತ ಹೇಳಿ ಅಂದ್ರು ನಿಲಯದವರು. ಒಪ್ಕೊಂಡೆ. ತೋಟದಲ್ಲಿ ಮೊಬೈಲ್ ಜೇಬಲ್ಲಿ ಇಟ್ಕೊಂಡು ರೇಡಿಯೋ ಕೇಳ್ತಾ ಕೆಲಸ ಮಾಡ್ತಿರೋರಿಗೂ, ಹಾಸ್ಟೆಲಲ್ಲಿ ಕೂತು ಕೆಎಎಸ್‌ಗೆ ಓದ್ತಿರೋ ಮಕ್ಕಳಿಗೂ ಒಂದೇ ಥರ ಅರ್ಥ ಆಗೋ ಹಾಗೆ ಹೇಳ್ತೀನಿ, ಅದೇನು ಕಷ್ಟದ ವಿಷಯ ಅಲ್ಲ.

ಕಾಲೇಜಲ್ಲಿ ಪಾಠ ಮಾಡ್ತಿದ್ದಷ್ಟೂ ವರ್ಷ ಹುಡುಗರು ನನ್ನ ಕೇಳ್ತಿದ್ದಿದ್ದು ಒಂದೇ ಪ್ರಶ್ನೆ, ಸಾರ್ ಆ ಮಿಸೈಲ್ ಎಷ್ಟು ಕಿಲೋಮೀಟರ್ ಹೋಗತ್ತೆ. ಈಗ ಟಿವಿಯವರೂ ಅದನ್ನೇ ಕೇಳ್ತಾರೆ. ಅಯ್ಯೋ, ಅದಲ್ಲಪ್ಪ ಪ್ರಶ್ನೆ. ಅದನ್ನ ಎಲ್ಲಿ ಇಡ್ತಾರೆ, ಅದರ ಕೀ ಯಾರ ಹತ್ರ ಇರತ್ತೆ, ಅದು ಪ್ರಶ್ನೆ. ಇದೊಂದು ಮಾತು ಮನಸ್ಸಲ್ಲಿ ಇಟ್ಕೊಳ್ಳಿ, ಉಳಿದಿದ್ದು ಮರೆತ್ರೂ ನಂಗೆ ಬೇಜಾರಿಲ್ಲ.

ಉದಾಹರಣೆಗೆ ಸೈಪ್ರಸ್ ತಗೊಳ್ತೀನಿ. ಮೆಡಿಟರೇನಿಯನ್ ಸಮುದ್ರದಲ್ಲಿರೋ ದ್ವೀಪ, ನಮ್ಮ ಕೊಡಗಿನಂಥ ಎರಡೂಕಾಲು ಜಿಲ್ಲೆ ಸೇರಿಸಿದ್ರೆ ಆಗೋವಷ್ಟು ಜಾಗ, ಅಷ್ಟೇ. ಅಲ್ಲಿ ಗ್ರೀಕ್ ಮಾತಾಡೋರು ಜಾಸ್ತಿ, ಟರ್ಕಿಷ್ ಮಾತಾಡೋರು ಕಮ್ಮಿ. 1960ರಲ್ಲಿ ಬ್ರಿಟಿಷರು ಸ್ವಾತಂತ್ರ್ಯ ಕೊಟ್ರು, ಆದ್ರೆ ಎಂಥ ಸ್ವಾತಂತ್ರ್ಯ ನೋಡಿ, ತಮ್ಮ ಎರಡು ಸೇನಾ ನೆಲೆ ತಾವೇ ಇಟ್ಕೊಂಡ್ರು, ಜೊತೆಗೆ ಗ್ರೀಸ್ ದೇಶ 950 ಸೈನಿಕರನ್ನ ಇಡಬಹುದು, ಟರ್ಕಿ 650 ಜನಾನ ಇಡಬಹುದು ಅಂತ ಒಪ್ಪಂದದಲ್ಲೇ ಬರೆದ್ರು. 950, 650, ಈ ಎರಡು ನಂಬರ್ ನೆನಪಿಟ್ಕೊಂಡಿರಿ, ಕೊನೇಲಿ ಬರತ್ತೆ. ಮೂರೇ ವರ್ಷ. 1963ರ ಡಿಸೆಂಬರಲ್ಲಿ ಈ ಎರಡು ಗುಂಪಿನ ಮಧ್ಯೆ ಬೀದಿಬೀದಿಯಲ್ಲಿ ಗುಂಡು ಹಾರ್ತು, ಆ ತಿಂಗಳ ಕೊನೆಗೆ ಪೀಟರ್ ಯಂಗ್ ಅನ್ನೋ ಬ್ರಿಟಿಷ್ ಮೇಜರ್ ಜನರಲ್ ರಾಜಧಾನಿ ನಿಕೋಸಿಯಾದ ಮ್ಯಾಪ್ ಮೇಲೆ ಇಬ್ಬರನ್ನೂ ಬೇರೆ ಇಡೋಕೆ ಹಸಿರು ಪೆನ್ಸಿಲಲ್ಲಿ ಒಂದು ಗೆರೆ ಎಳೆದ. ಇವತ್ತಿಗೂ ಅದರ ಹೆಸರು ಗ್ರೀನ್ ಲೈನೇ.

ಇಲ್ಲಿ ನಮ್ಮೋರು ಬರ್ತಾರೆ. 1964ರ ಮಾರ್ಚಲ್ಲಿ ವಿಶ್ವಸಂಸ್ಥೆ ಅಲ್ಲಿಗೆ ಶಾಂತಿಪಡೆ ಕಳಿಸ್ತು, ಮೊದಲನೇ ಕಮಾಂಡರ್ ಜನರಲ್ ಗ್ಯಾನಿ, ಭಾರತೀಯರು. ಅದೇ ವರ್ಷ ಜುಲೈಗೆ ಬಂದ ಎರಡನೇ ಕಮಾಂಡರ್ ಯಾರು ಗೊತ್ತಾ, ನಮ್ಮ ಜನರಲ್ ತಿಮ್ಮಯ್ಯನವರು, ಮಡಿಕೇರಿಯವರು, ಕೊಡಂದೇರ ಮನೆತನ. ಜೋಜಿಲಾ ಕಣಿವೆಗೆ ಟ್ಯಾಂಕ್ ಹತ್ತಿಸಿದವರು ಅಂತ ಎಲ್ಲರಿಗೂ ಗೊತ್ತು, ಸೈಪ್ರಸ್ ವಿಷಯ ಕೇಳಿದ್ರೆ ಮಾತ್ರ ಮಡಿಕೇರಿಯಲ್ಲೇ ಎಷ್ಟೋ ಜನ ತಲೆ ಕೆರ್ಕೋತಾರೆ, ಅದು ನಂಗೆ ಸ್ವಲ್ಪ ಸಿಟ್ಟು ಬರ್ಸೋ ವಿಷಯ, ಇರಲಿ. ಅವರು ಹೋಗಿ ಒಂದು ತಿಂಗಳಾಗಿತ್ತಷ್ಟೆ, ಆಗಸ್ಟಲ್ಲಿ ಟರ್ಕಿ ವಿಮಾನಗಳು ಬಂದು ವಾಯುವ್ಯದ ಹಳ್ಳಿಗಳ ಮೇಲೆ ಬಾಂಬ್ ಹಾಕಿದ್ವು. ಅದರ ಬೆನ್ನಿಗೆ ಇನ್ನೊಂದು ತಲೆನೋವು. ಆ 650 ಟರ್ಕಿ ಸೈನಿಕರು ತಮ್ಮ ಬ್ಯಾರಕ್ ಬಿಟ್ಟು ನಿಕೋಸಿಯಾದಿಂದ ಕೈರೇನಿಯಾ ಬಂದರಿಗೆ ಹೋಗೋ ರಸ್ತೆ ಪಕ್ಕ ಬಂದು ಕೂತುಬಿಟ್ಟಿದ್ರು. ನಮ್ಮ ಹಳಬರನ್ನ ಕರೆಸಿ ಹೊಸಬರನ್ನ ಕಳಿಸ್ತೀವಿ ಅಂತ ಟರ್ಕಿ, ಒಬ್ಬನೂ ಇಳಿಯೋ ಹಾಗಿಲ್ಲ ಅಂತ ಸೈಪ್ರಸ್ ಅಧ್ಯಕ್ಷ ಆರ್ಚ್‌ಬಿಷಪ್ ಮಕಾರಿಯೋಸ್. ಇಬ್ಬರೂ ಬಿಡಲ್ಲ. ಕೊನೆಗೆ ಏನಾಯ್ತು ಅಂದ್ರೆ, ಆ ರಸ್ತೇನೇ ವಿಶ್ವಸಂಸ್ಥೆ ಕೈಗೆ ಕೊಟ್ರು, ಅಕ್ಟೋಬರಲ್ಲಿ ಹಳಬರು ಹೋಗಿ ಹೊಸಬರು ಬಂದ್ರು. ಸೈನಿಕರ ಲೆಕ್ಕ ಜಾಸ್ತಿನೂ ಆಗಲಿಲ್ಲ ಕಮ್ಮಿನೂ ಆಗಲಿಲ್ಲ, ರಸ್ತೆ ಯಾರ ಕೈಲಿ ಅನ್ನೋದು ಬದಲಾಯ್ತು, ಯುದ್ಧ ತಪ್ಪಿತು. ನಾನು ಹೇಳ್ತಿರೋದು ಇದನ್ನೇ.

ತಿಮ್ಮಯ್ಯನವರು ಅಲ್ಲೇ, ಕೆಲಸದಲ್ಲಿದ್ದಾಗಲೇ, 1965ರ ಡಿಸೆಂಬರ್ 18ಕ್ಕೆ ಹಾರ್ಟ್ ಅಟ್ಯಾಕ್ ಆಗಿ ತೀರ್ಕೊಂಡ್ರು. ಮರುವರ್ಷ ಸೈಪ್ರಸ್ ಸರ್ಕಾರ ಅವರ ಚಿತ್ರ ಇರೋ ಸ್ಟಾಂಪ್ ತಂತು.

ಈಗ ನನ್ನ ಇಷ್ಟದ ಕಥೆಗೆ ಬರ್ತೀನಿ. ಇದನ್ನ ನಾನು ಕ್ಲಾಸಲ್ಲಿ ಎಷ್ಟು ಸಲ ಹೇಳಿದೀನಿ ಅಂದ್ರೆ ಹಿಂದಿನ ಬೆಂಚಿನವರು ನನಗಿಂತ ಮುಂಚೆ ಹೇಳಿಬಿಡ್ತಿದ್ರು. 1972ನೇ ಇಸವಿ. ಮಕಾರಿಯೋಸ್ ಗುಟ್ಟಾಗಿ ಚೆಕೊಸ್ಲೊವಾಕಿಯಾದಿಂದ ರಾಶಿ ಆಯುಧ ತರಿಸಿಬಿಟ್ರು. ಪಾದ್ರಿ ವೇಷ, ಉದ್ದ ಗಡ್ಡ, ಕಪ್ಪು ಟೋಪಿ, ಹಡಗಿಂದ ಇಳೀತಿರೋದು ಬಂದೂಕು! ಯಾರ ಮೇಲೆ ಹೊಡೆಯೋಕೆ ಅಂದ್ರೆ, ಟರ್ಕಿಯವರ ಮೇಲಲ್ಲ ರೀ, ಗ್ರೀಸ್ ಜೊತೆ ಸೇರಬೇಕು ಅಂತ ಗಲಾಟೆ ಮಾಡ್ತಿದ್ದ ತಮ್ಮೋರೇ ಆದ ಗ್ರೀಕ್ ಗುಂಪಿನ ಮೇಲೆ. ಅವರ ನಾಯಕ ಗ್ರಿವಾಸ್ ಹಿಂದಿನ ವರ್ಷ ಕದ್ದು ದ್ವೀಪಕ್ಕೆ ಬಂದಿದ್ದ. ಸುದ್ದಿ ಹೊರಗೆ ಬಿತ್ತು. ಟರ್ಕಿಗೂ ಕೋಪ, ಅದು ಸರಿ, ಆದ್ರೆ ಗ್ರೀಸಲ್ಲಿದ್ದ ಮಿಲಿಟರಿ ಸರ್ಕಾರಕ್ಕೂ ಕೋಪ, ಆಯುಧ ಎಲ್ಲಾ ವಿಶ್ವಸಂಸ್ಥೆಗೆ ಒಪ್ಪಿಸಿಬಿಡು ಅಂತ ಪಟ್ಟು ಹಿಡಿದ್ರು. ಮಕಾರಿಯೋಸ್ ಹೇಗೆ ಒಪ್ಪಿಸ್ತಾರೆ, ಒಪ್ಪಿಸಿದ್ರೆ ಸ್ವತಂತ್ರ ದೇಶ ಅಂತ ಹೇಳ್ಕೊಳ್ಳೋಕೆ ಮುಖ ಇರತ್ತಾ? ಇಟ್ಕೊಂಡ್ರೆ ಯುದ್ಧ, ಕೊಟ್ರೆ ಮರ್ಯಾದೆ ಹೋಯ್ತು.

ನಮ್ಮಲ್ಲಿ ದೇವಸ್ಥಾನದ ಹುಂಡಿ ಹೇಗೆ ತೆಗೀತಾರೆ ನೋಡಿದೀರಾ? ಒಬ್ಬರೇ ಹೋಗಿ ತೆಗೆಯೋ ಹಾಗಿಲ್ಲ. ಒಂದು ಕೀ ಮುಜರಾಯಿಯವರ ಹತ್ರ ಇದ್ರೆ ಇನ್ನೊಂದು ಆಡಳಿತ ಮಂಡಳಿ ಹತ್ರ, ಇಬ್ಬರೂ ಬಂದ್ರೇನೇ ತೆಗೆಯೋದು. ಅಲ್ಲೂ ಅದನ್ನೇ ಮಾಡಿದ್ರು! ಏಪ್ರಿಲಲ್ಲಿ ಒಪ್ಪಂದ ಆಯ್ತು, ಮೇ ತಿಂಗಳಲ್ಲಿ ಅದಕ್ಕೆ ಇನ್ನೊಂದು ಚೀಟಿ ಸೇರ್ತು. ಆಯುಧ ಎಲ್ಲಾ ವಿಶ್ವಸಂಸ್ಥೆ ಕ್ಯಾಂಪಿನ ಒಳಗೆ, ಬೇಲಿ ಹಾಕಿದ ಜಾಗದಲ್ಲಿ. ಬೇಲಿ ಒಳಗೆ ನೋಡ್ಕೊಳ್ಳೋರು ಸೈಪ್ರಸ್ ಪೊಲೀಸರು, ಆದ್ರೆ ಅವರ ಕೈಲಿ ಬಂದೂಕಿಲ್ಲ. ಬೇಲಿ ಹೊರಗೆ, ಒಳಗೆ ಯಾರು ಬರಬೇಕು ಯಾರು ಬರಬಾರದು ಅನ್ನೋದು ವಿಶ್ವಸಂಸ್ಥೆ ಸೈನಿಕರದ್ದು. ಹಾಗಾದ್ರೆ ಆಯುಧ ಯಾರದ್ದು? ಸೈಪ್ರಸ್‌ದು. ತೆಗೆಯೋಕೆ ಆಗತ್ತಾ? ಆಗಲ್ಲ! ಸಿಡಿಯೋ ಸಾಮಾನು ಬೇರೆ ಇತ್ತಲ್ಲ, ಅದು ಪೊಲೀಸ್ ಹೆಡ್‌ಕ್ವಾರ್ಟರ್ಸಲ್ಲೇ ಇರಲಿ ಅಂದ್ರು, ಆದ್ರೆ ಅದರ ಫ್ಯೂಸ್ ಇದೆಯಲ್ಲ, ಸಿಡಿಸೋ ಆ ಸಣ್ಣ ಭಾಗ, ಅದನ್ನ ಬಿಚ್ಚಿ ತಂದು ವಿಶ್ವಸಂಸ್ಥೆ ಕ್ಯಾಂಪಲ್ಲಿ ಇಟ್ರು. ಪಟಾಕಿ ನಿಮ್ಮ ಮನೇಲಿ, ಬೆಂಕಿಪೆಟ್ಟಿಗೆ ಪಕ್ಕದ ಮನೇಲಿ ಅಂದಂಗೆ. ಮೇಲಿಂದ ಎರಡೂ ಕಡೆಗೂ ಡಬಲ್ ಬೀಗ. ಆಗ ಶಾಂತಿಪಡೆ ಕಮಾಂಡರ್ ಮತ್ತೆ ಭಾರತೀಯರೇ, ಜನರಲ್ ಪ್ರೇಮ್ ಚಂದ್.

ಒಂದು ಬಂದೂಕೂ ವಾಪಸ್ ಹೋಗಲಿಲ್ಲ ಗೊತ್ತಾ. ಆದ್ರೂ ಎಲ್ಲರೂ ಮನೆಗೆ ಹೋಗಿ ಮಲಗಿದ್ರು. ನಾನು ಕೇಳಿದ ರಾಜತಾಂತ್ರಿಕ ಕಥೆಗಳಲ್ಲಿ ಇಷ್ಟು ಚೆಂದದ್ದು ಇನ್ನೊಂದಿಲ್ಲ, ಇದಕ್ಕೆ ಯಾರೂ ನೊಬೆಲ್ ಕೊಡಲಿಲ್ಲ ಬಿಡಿ.

ಗಾಜಿನ ಆಚೆಯಿಂದ ಬೆರಳು ತೋರಿಸ್ತಿದ್ದಾರೆ, ಟೈಮ್ ನೋಡಿ ಅಂತ. ಸರಿ, ಬೇಗ ಹೇಳ್ತೀನಿ.

1974 ಎಲ್ಲರಿಗೂ ಗೊತ್ತಿರೋದೇ. ಜುಲೈ ಶುರುವಿಗೆ ಮಕಾರಿಯೋಸ್ ಗ್ರೀಸ್‌ಗೆ ಕಾಗದ ಬರೆದು ನಮ್ಮ ಸೈನ್ಯದಲ್ಲಿರೋ ನಿಮ್ಮ ಆಫೀಸರ್‌ಗಳನ್ನ ವಾಪಸ್ ಕರ್ಕೊಳ್ಳಿ ಅಂದ್ರು, ಜುಲೈ 15ಕ್ಕೆ ಅವರೇ ದಂಗೆ ಎದ್ದು ಇವರನ್ನ ಓಡಿಸಿದ್ರು, ಜುಲೈ 20ಕ್ಕೆ ಟರ್ಕಿ ಸೈನ್ಯ ಇಳೀತು, ದ್ವೀಪದ ಮೂರರಲ್ಲಿ ಒಂದು ಭಾಗಕ್ಕಿಂತ ಜಾಸ್ತಿ ಹಿಡಿದು ಕೂತಿತು, ಇವತ್ತಿಗೂ ಹತ್ತಾರು ಸಾವಿರ ಜನ ಸೈನಿಕರು ಅಲ್ಲೇ ಇದಾರೆ. ಮಧ್ಯೆ 180 ಕಿಲೋಮೀಟರ್ ಉದ್ದದ, ವಿಶ್ವಸಂಸ್ಥೆ ಕಾಯೋ ಪಟ್ಟಿ. ನಿಕೋಸಿಯಾ ಏರ್‌ಪೋರ್ಟ್ ಆ ಪಟ್ಟಿಯಲ್ಲೇ ಸಿಕ್ಕಿ ಮುಚ್ಚಿಹೋಯ್ತು, ಒಂದು ಟ್ರೈಡೆಂಟ್ ವಿಮಾನ ಅಲ್ಲೇ ತುಕ್ಕು ಹಿಡಿದು ನಿಂತಿದೆ.

ಈಗ ಮಿಸೈಲ್ ಕಥೆ, ಹುಡುಗರು ಕಾಯ್ತಿರ್ತಾರೆ. 1997ರ ಜನವರಿಯಲ್ಲಿ ಸೈಪ್ರಸ್ ಅಧ್ಯಕ್ಷ ಕ್ಲೆರಿಡಿಸ್ ಸರ್ಕಾರ ರಷ್ಯಾದಿಂದ ಎಸ್-300 ತಗೊಳ್ಳೋಕೆ ಸಹಿ ಹಾಕ್ತು. ನಾವು ಸುದರ್ಶನ ಚಕ್ರ ಅಂತೀವಲ್ಲ, ನಮ್ಮ ಎಸ್-400, ಅದರ ಅಣ್ಣ. ವಿಮಾನ ಹೊಡೆದು ಬೀಳಿಸೋದು, 150 ಕಿಲೋಮೀಟರ್ ಹೋಗತ್ತೆ, ತಗೊಳ್ಳಿ ಹೇಳಿದೆ, ಸಮಾಧಾನ ಆಯ್ತಾ? ಇದು ರಕ್ಷಣೆಗೆ ಅಂತ ಸೈಪ್ರಸ್ ಅಂದ್ರು, ತಂದು ನಿಲ್ಲಿಸಿ ನೋಡೋಣ ಹೊಡೆದು ಹಾಕ್ತೀವಿ ಅಂತ ಟರ್ಕಿ ಅಂದ್ರು. ಅಮೆರಿಕ ಹೋಲ್‌ಬ್ರೂಕ್ ಅನ್ನೋ ಘಟಾನುಘಟಿ ರಾಜತಾಂತ್ರಿಕನ್ನ ಕಳಿಸ್ತು, ಆಗಲಿಲ್ಲ. ಕ್ಲೆರಿಡಿಸ್ ಏನು ಕಮ್ಮಿ ಆಸಾಮಿ ಅಲ್ಲ, ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಯಲ್ಲಿದ್ದು, ಇದ್ದ ವಿಮಾನ ಬಿದ್ದು ಜರ್ಮನರ ಕೈಗೆ ಸೆರೆ ಸಿಕ್ಕಿದ್ದವರು, ಆಕಾಶದ ಯುದ್ಧ ಅಂದ್ರೆ ಏನು ಅಂತ ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಎರಡು ವರ್ಷ ಎಳೆದಾಡಿ 1998ರ ಡಿಸೆಂಬರ್ 29ಕ್ಕೆ, ಮಿಸೈಲ್ ಸೈಪ್ರಸ್‌ಗೆ ಬರಲ್ಲ ಅಂದ್ರು. ಎಲ್ಲಿಗೆ ಹೋಯ್ತು? ಗ್ರೀಸ್‌ಗೆ ಸೇರಿದ ಕ್ರೀಟ್ ದ್ವೀಪಕ್ಕೆ.

ನೋಡಿ, ಮತ್ತೆ ಅದೇ. ವ್ಯಾಪಾರ ರದ್ದಾಗಲಿಲ್ಲ, ರಷ್ಯಾಕ್ಕೆ ದುಡ್ಡು ಹೋಯ್ತು, ಮಿಸೈಲ್ ಬಂತು. ಇಡೋ ಜಾಗ ಬದಲಾಯ್ತು ಅಷ್ಟೇ, ಯುದ್ಧ ತಪ್ಪಿತು. ಕ್ಲೆರಿಡಿಸ್‌ಗೆ ಊರಲ್ಲಿ ಬೈಗುಳ ಬಿತ್ತು, ಜೊತೆಗಿದ್ದ ಪಕ್ಷ ಒಂದು ಸರ್ಕಾರ ಬಿಟ್ಟು ಹೋಯ್ತು. ಆದ್ರೆ 2004ರ ಮೇ 1ಕ್ಕೆ ಸೈಪ್ರಸ್ ಯುರೋಪಿಯನ್ ಯೂನಿಯನ್ ಒಳಗೆ ಕಾಲಿಟ್ಟಿತು, ಮಿಸೈಲ್ ತಂದು ನಿಲ್ಲಿಸಿದ್ರೆ ಆ ಬಾಗಿಲು ತೆಗೀತಿರಲಿಲ್ಲ ಅಂತ ನಾನಂತೂ ನಂಬಿದೀನಿ. ಇನ್ನೊಂದು ತಮಾಷೆ, ರಷ್ಯಾ ಮಿಸೈಲ್ ಬೇಡ ಬೇಡ ಅಂತ ಕೂಗಾಡಿದ ಅದೇ ಟರ್ಕಿ 2019ರಲ್ಲಿ ತಾನೇ ರಷ್ಯಾದಿಂದ ಎಸ್-400 ತರಿಸ್ಕೊಳ್ತು, ಅಮೆರಿಕ ಸಿಟ್ಟಾಗಿ ಎಫ್-35 ವಿಮಾನದ ಯೋಜನೆಯಿಂದಲೇ ಹೊರಗೆ ಹಾಕ್ತು.

ಸೈನ್ಯ ವಾಪಸ್ ಹೋಗೋ ಮಾತು ಹೇಳೋಕೆ ಇತ್ತು, ಈಗ ಎರಡೇ ನಿಮಿಷ ಇದೆ, ತಪ್ಪು ನಂದೇ, ಆ ಬೀಗದ ಕಥೆ ಶುರು ಮಾಡಿದ್ರೆ ನಂಗೆ ನಿಲ್ಲಿಸೋಕೆ ಬರಲ್ಲ. 2004ರಲ್ಲಿ ಆಗಿನ ವಿಶ್ವಸಂಸ್ಥೆ ಮುಖ್ಯಸ್ಥ ಕೋಫಿ ಅನ್ನಾನ್ ದ್ವೀಪ ಮತ್ತೆ ಒಂದು ಮಾಡೋಕೆ ಒಂದು ಪ್ಲಾನ್ ತಂದ್ರು. ಅದರಲ್ಲಿ ಟರ್ಕಿ ಸೈನಿಕರು ಮೊದಲು 6000ಕ್ಕೆ ಇಳೀಬೇಕು, ಆಮೇಲೆ 3000, ಕೊನೆಗೆ ಎಷ್ಟಕ್ಕೆ ಹೇಳಿ? 650! ಗ್ರೀಸ್‌ದು 950! ನಲವತ್ತು ವರ್ಷದ ರಕ್ತಪಾತ ಆದ್ಮೇಲೆ 1960ರ ಅದೇ ಲೆಕ್ಕಕ್ಕೆ ಬಂದು ನಿಂತ್ರು. ಜನ ವೋಟ್ ಹಾಕಿದ್ರು, ಟರ್ಕಿಷ್ ಕಡೆ 65 ಪರ್ಸೆಂಟ್ ಹೂಂ ಅಂದ್ರು, ಗ್ರೀಕ್ ಕಡೆ 76 ಪರ್ಸೆಂಟ್ ಊಹೂಂ ಅಂದ್ರು. 2017ರಲ್ಲಿ ಸ್ವಿಜರ್ಲೆಂಡಿನ ಕ್ರಾನ್ಸ್ ಮೊಂಟಾನಾದಲ್ಲಿ ಮತ್ತೆ ಕೂತ್ರು, ಮತ್ತೆ ಸೈನ್ಯದ ವಿಷಯಕ್ಕೇ ಬಂದು ಎದ್ದು ಹೋದ್ರು. 2025ರ ಜೂನಲ್ಲಿ ನಮ್ಮ ಪ್ರಧಾನಿ ಆ ಗ್ರೀನ್ ಲೈನ್ ಹತ್ರ ನಿಂತಿದ್ದ ಫೋಟೋ ಪೇಪರಲ್ಲಿ ಬಂದಾಗ ನಾನು ಮನೇಲಿ ಎಲ್ಲರನ್ನೂ ಕರೆದು ತೋರಿಸಿದೆ, ನೋಡಿ ಇದೇ ಗೆರೆ ಕಾಯೋಕೆ ಹೋಗಿ ನಮ್ಮ ತಿಮ್ಮಯ್ಯನವರು ತೀರ್ಕೊಂಡಿದ್ದು ಅಂತ. ಮೊಮ್ಮಗ ಏನು ಕೇಳಿದ ಗೊತ್ತಾ, ತಾತ ಅವರ ಹತ್ರ ಎಂಥ ಗನ್ ಇತ್ತು ಅಂತ.

ಕೆಂಪು ಲೈಟ್ ಬಂತು. ಮಡಿಕೇರಿಯ ಸನ್ನಿಸೈಡ್ ಮನೆ, ತಿಮ್ಮಯ್ಯನವರದ್ದು, 2021ರಿಂದ ಮ್ಯೂಸಿಯಂ ಆಗಿದೆ, ಆ ಕಡೆ ಹೋದ್ರೆ ಒಳಗೆ ಹೋಗಿ ಬನ್ನಿ. ನಮಸ್ಕಾರ.